ತಿಳಿಸಬೇಕಾದವರು

ನವೆಂಬರ್ 23

ಅಣ್ಣಾ,

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು, ನಿಂದು?’ ಎನ್ನುವುದರಿಂದ ಮುಂದಕ್ಕೆ ಹೋದದ್ದೇ ಇಲ್ಲ. ಇದು ಅದಕ್ಕಿಂತ ಉದ್ದದ ವಿಷಯ. ಅದಕ್ಕೇ ಕಾಗದ.

ಹೋದ ತಿಂಗಳು ನಮ್ಮ ಲಾಂಡ್ರಿಯಲ್ಲಿ ಬಾಯ್ಲರಿನ ವಾಲ್ವ್ ಕಿತ್ತುಹೋಯಿತು. ಇಸ್ತ್ರಿ ಮೇಜುಗಳಿಗೆಲ್ಲ ಆವಿ ಬರುವುದು ಅಲ್ಲಿಂದಲೇ. ಕೋಣೆಯ ತುಂಬ ಬಿಳಿ ಆವಿ, ಕಿವಿ ಕಿವುಡಾಗುವ ಸದ್ದು. ‘ಓಡಿ, ಓಡಿ’ ಎಂದು ಯಾರೋ ಕೂಗಿದರು. ಹನ್ನೊಂದು ಜನ ಓಡಿದರು. ನಾನು ಮಾತ್ರ ಯಾರದೋ ಕೋಟು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಓಡಿದರೆ ಎದೆ ನಿಂತುಹೋಗುತ್ತದೆ ಎಂಬ ಭಯ, ಸುಟ್ಟುಹೋಗುತ್ತೇನೆ ಎಂಬ ಭಯಕ್ಕಿಂತ ದೊಡ್ಡದಾಗಿತ್ತು. ಕೊನೆಗೆ ಬಾಯ್ಲರ್ ನೋಡಿಕೊಳ್ಳುವ ಹೆಂಗಸು, ಅವಳನ್ನು ನಾವು ಬಾಯ್ಲರಕ್ಕ ಎನ್ನುತ್ತೇವೆ, ವಾಪಸು ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ‘ಏನಮ್ಮಾ, ಕಾಲಿಗೆ ಯಾರಾದ್ರೂ ಮೊಳೆ ಹೊಡೆದಿದ್ರಾ?’ ಎಂದಳು. ಎಲ್ಲರೂ ನಕ್ಕರು. ನಾನು ಮನೆಗೆ ಬಂದು ಅತ್ತೆ.

ನನಗೀಗ ನಲವತ್ತೆಂಟು ಅಣ್ಣ. ಬಸ್ಸು ಹಿಡಿಯಲು ಓಡಿ, ಎದೆ ನಿಂತು ರಸ್ತೆಯಲ್ಲೇ ಬಿದ್ದು ಹೋದಾಗ ಅಪ್ಪನಿಗೂ ನಲವತ್ತೆಂಟೇ. ಹುಟ್ಟುಹಬ್ಬ ಆದಂದಿನಿಂದ ನಾನು ರಸ್ತೆ ದಾಟಲೂ ಓಡಿಲ್ಲ. ದಿನಕ್ಕೆ ಹತ್ತು ಸಲ ಮಣಿಕಟ್ಟಿನ ನಾಡಿ ಹಿಡಿದು ಎಣಿಸುತ್ತೇನೆ. ಡಾಕ್ಟರು ಯಂತ್ರಕ್ಕೆ ಹಾಕಿ ನೋಡಿ, ‘ನಿಮ್ಮ ಹೃದಯ ಗಡಿಯಾರದ ಹಾಗಿದೆ’ ಎಂದರು. ಗಡಿಯಾರವೂ ನಿಲ್ಲುತ್ತದಲ್ಲ ಡಾಕ್ಟ್ರೇ ಎಂದೆ. ಅವರಿಗೆ ನಗು ಬಂತು, ನನಗೆ ಬರಲಿಲ್ಲ.

ಅದಕ್ಕೇ ಒಂದು ಹುಚ್ಚು ಕೆಲಸ ಮಾಡಿದ್ದೇನೆ. ಮಾರ್ಚ್ ಹದಿನೈದಕ್ಕೆ ಇಲ್ಲಿ ಐದು ಕಿಲೋಮೀಟರಿನ ಓಟ ಇದೆ, ಹೆಸರು ಕೊಟ್ಟಿದ್ದೇನೆ. ಅರ್ಜಿಯಲ್ಲಿ ಒಂದು ಸಾಲು ಇತ್ತು: ‘ಏನಾದರೂ ಆದಲ್ಲಿ ತಿಳಿಸಬೇಕಾದವರು’. ನಮ್ಮ ಮನೆಯವರು ಲಾರಿ ಹತ್ತಿದರೆ ಮೂರು ವಾರ ಯಾರ ಫೋನಿಗೂ ಸಿಗುವವರಲ್ಲ. ನಿನ್ನ ನಂಬರ್ ಬರೆದಿದ್ದೇನೆ. ಬೇಸರವಿಲ್ಲ ತಾನೇ?

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ


ಡಿಸೆಂಬರ್ 8

ಚೋಟಿ,

ಕಾಗದ ಬಂತು. ‘ಇರಲಾರದೆ ಇರುವೆ ಬಿಟ್ಟುಕೊಂಡರಂತೆ’ ಎಂದು ಅಮ್ಮ ಹೇಳುತ್ತಿದ್ದುದು ನಿನ್ನಂಥವರಿಗೇ. ಬಾಯ್ಲರಿಗೆ ಹೆದರಿದರೆ ಬಾಯ್ಲರ್ ಇಲ್ಲದ ಕಡೆ ಕೆಲಸ ಹುಡುಕಬೇಕು. ಅದು ಬಿಟ್ಟು, ಈ ವಯಸ್ಸಿನಲ್ಲಿ ಬೀದಿಯಲ್ಲಿ ಓಡುವುದು ಯಾವ ಊರಿನ ಮದ್ದು?

ಡಾಕ್ಟರು ಹೇಳಿದ್ದನ್ನು ನೀನು ನಂಬುತ್ತಿಲ್ಲ, ನಾನೂ ನಂಬುವುದಿಲ್ಲ. ಓಡಬೇಡ. ದಯವಿಟ್ಟು ಓಡಬೇಡ.

ಓಡಲೇಬೇಕೆಂದು ಹಟವಿದ್ದರೆ ನನ್ನ ನಂಬರ್ ತೆಗೆಸು. ಲಾಂಡ್ರಿಯ ಮಾಲೀಕರದ್ದು ಹಾಕು, ಆ ಬಾಯ್ಲರಕ್ಕನದ್ದು ಹಾಕು. ನಾನು ಬೇಡ. ಕಾರಣ ಕೇಳಬೇಡ. ಕನ್ನಡಕದಂಗಡಿಯಲ್ಲಿ ಈಗ ಬಿಡುವಿಲ್ಲ, ಶಾಲೆಯ ಮಕ್ಕಳ ಕಣ್ಣು ತಪಾಸಣೆ ಇದೆ. ಹೆಚ್ಚು ಬರೆಯಲಾರೆ.

ಅಣ್ಣ

(ನಾನು ಅತ್ತಿಗೆ. ಕವರ್ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ನಿಮ್ಮಣ್ಣ ಈ ಅರ್ಧ ಪುಟಕ್ಕೆ ನಾಲ್ಕು ಹಾಳೆ ಹರಿದು ಹಾಕಿದ್ದಾರೆ. ಇವರಿಗೆ ಸಿಟ್ಟಿಲ್ಲ, ಮತ್ತೇನೋ ಇದೆ. ಏನೆಂದು ನನಗೂ ಹೇಳುವುದಿಲ್ಲ.)


ಜನವರಿ 4

ಅಣ್ಣಾ,

ನಂಬರ್ ತೆಗೆಸುವುದಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಡುತ್ತೇನೆ. ಮೊದಲನೇ ದಿನ ಒಂದು ದೀಪದ ಕಂಬದಿಂದ ಇನ್ನೊಂದು ಕಂಬಕ್ಕೆ ಓಡಿದೆ, ಅಷ್ಟೇ. ಕಂಬ ತಬ್ಬಿಕೊಂಡು ನಿಂತು ನಾಡಿ ಎಣಿಸಿದೆ. ನೂರ ಐವತ್ತು. ಆಯ್ತು, ಇನ್ನು ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಹಾಲಿನವನು ಸೈಕಲ್ ನಿಲ್ಲಿಸಿ, ‘ಏನ್ ಅಕ್ಕಾ, ಕಂಬ ಬೀಳ್ತಾ ಇತ್ತಾ?’ ಎಂದು ಕೇಳಿದ. ಈಗ ಹನ್ನೆರಡು ಕಂಬಕ್ಕೆ ಬಂದಿದ್ದೇನೆ. ಭಯ ಒಂದು ಕಂಬದಷ್ಟೂ ಕಡಿಮೆಯಾಗಿಲ್ಲ. ಅದನ್ನು ಜೊತೆಗೆ ಕರೆದುಕೊಂಡೇ ಓಡುತ್ತೇನೆ, ಅಷ್ಟೇ ವ್ಯತ್ಯಾಸ.

ಓಟದ ದಾರಿಯ ನಕ್ಷೆ ಕೊಟ್ಟರು. ಆಟದ ಮೈದಾನದಿಂದ ಹೊರಟು, ರೈಲು ಗೇಟು ಸುತ್ತಿ, ಹಳೆಯ ಬಸ್ ಸ್ಟಾಪಿನ ಮುಂದೆ ಹಾದು ಮತ್ತೆ ಮೈದಾನಕ್ಕೆ. ಹೌದು, ಅಪ್ಪ ಬಿದ್ದ ಅದೇ ಬಸ್ ಸ್ಟಾಪು. ನಕ್ಷೆಯನ್ನು ಮಡಚಿಟ್ಟುಬಿಟ್ಟೆ. ಆ ಜಾಗದಲ್ಲಿ ಇಷ್ಟು ವರ್ಷ ನಾನು ರಸ್ತೆಯ ಆಚೆ ಬದಿಯಲ್ಲೇ ನಡೆದಿದ್ದೇನೆ, ನಿನಗೆ ಗೊತ್ತೇ?

ನಿನ್ನನ್ನೇ ಯಾಕೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಂದು ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ನನಗೆ ಹನ್ನೆರಡು, ಅಳುವುದು ಬಿಟ್ಟರೆ ಏನೂ ತಿಳಿಯದು. ಡಾಕ್ಟರನ್ನು ಕರೆತಂದವನು ನೀನು, ಹದಿನೇಳರ ಹುಡುಗ. ಅಂಥವನ ಹೆಸರು ಬರೆಯದೆ ಇನ್ಯಾರ ಹೆಸರು ಬರೆಯಲಿ?

ನಿನ್ನ ಚೋಟಿ


ಫೆಬ್ರವರಿ 27

ಅಣ್ಣಾ,

ಎಂಟು ವಾರವಾಯಿತು, ನಿನ್ನ ಕಾಗದವಿಲ್ಲ. ಹೋದ ಭಾನುವಾರ ಫೋನು ಮಾಡಿದರೆ ಅತ್ತಿಗೆ ಎತ್ತಿದರು. ಹಿಂದೆ ನಿನ್ನ ಕೆಮ್ಮು ಕೇಳಿಸುತ್ತಿತ್ತು, ನೀನು ಮಾತ್ರ ಮನೆಯಲ್ಲಿರಲಿಲ್ಲವಂತೆ.

ನನ್ನ ಸಂಖ್ಯೆ ಬಂದಿದೆ. 214. ಅಂಗೈ ಎರಡರಷ್ಟು ಅಗಲದ ಗಟ್ಟಿ ಕಾಗದ, ಎದೆಗೆ ಪಿನ್ನು ಚುಚ್ಚಿಕೊಳ್ಳಬೇಕು. ಹಿಂಬದಿಯಲ್ಲಿ ‘ಏನಾದರೂ ಆದಲ್ಲಿ’ ಎಂದು ಚಿಕ್ಕ ಅಕ್ಷರದಲ್ಲಿ, ಅದರ ಕೆಳಗೆ ‘ತಿಳಿಸಬೇಕಾದವರು’ ಎಂದು ದಪ್ಪಗೆ ಅಚ್ಚಾಗಿದೆ. ಕೆಳಗಿನ ಖಾಲಿ ಜಾಗದಲ್ಲಿ ಲಾಂಡ್ರಿಯ ಅಳಿಸದ ಶಾಯಿಯಿಂದಲೇ ‘ಅಣ್ಣ’ ಎಂದು ಬರೆದು ನಿನ್ನ ನಂಬರ್ ಬರೆದೆ. ಹತ್ತೊಂಬತ್ತು ವರ್ಷದಿಂದ ಬಟ್ಟೆಗೆ ಚೀಟಿ ಚುಚ್ಚುವವಳು ನಾನು, ಇದು ಕಷ್ಟವಲ್ಲ. ನಮ್ಮಲ್ಲಿ ಚೀಟಿಯ ಅಂಕಿ ಯಾವಾಗಲೂ ಒಳಮುಖವಾಗಿರಬೇಕು, ಇಲ್ಲದಿದ್ದರೆ ಇಸ್ತ್ರಿಯ ಆವಿಗೆ ಅಳಿಸಿಹೋಗುತ್ತದೆ. ಕಣ್ಣು ಮುಚ್ಚಿಕೊಂಡು ದಿನಕ್ಕೆ ಮುನ್ನೂರು ಚುಚ್ಚುತ್ತೇನೆ.

ಮೊನ್ನೆ ಎಡಗಡೆ ಎದೆಯಲ್ಲಿ ಚುಳುಕ್ ಎಂದಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ನೋಡಿದರೆ ರವಿಕೆಯೊಳಗೆ ಸಿಕ್ಕಿಸಿಕೊಂಡಿದ್ದ ಪಿನ್ನು. ಆದರೂ ಸಂಜೆಯವರೆಗೂ ನಾಡಿ ಎಣಿಸುತ್ತಲೇ ಇದ್ದೆ.

ಕೇಳು. ಮಾರ್ಚ್ ಹದಿನೈದು, ಬೆಳಿಗ್ಗೆ ಆರೂವರೆಗೆ ಓಟ. ನನ್ನ ಫೋನು ಬಾಯ್ಲರಕ್ಕನ ಚೀಲದಲ್ಲಿರುತ್ತದೆ. ನಿನಗೆ ಯಾವ ಫೋನೂ ಬರದಿದ್ದರೆ ನಾನು ಚೆನ್ನಾಗಿದ್ದೇನೆ ಎಂದರ್ಥ. ಗೊತ್ತಿಲ್ಲದ ನಂಬರಿನಿಂದ ಬಂದರೆ ಮಾತ್ರ ನಾನು ಬಿದ್ದಿದ್ದೇನೆ ಎಂದು ತಿಳಿ. ಆಗ ದಯವಿಟ್ಟು ಎತ್ತು. ಗುರುತಿಲ್ಲದವರ ನಡುವೆ ಬಿದ್ದಿರಲು ನನಗೆ ತುಂಬ ಹೆದರಿಕೆ.

ಚೋಟಿ


ಮಾರ್ಚ್ 15, ಮಧ್ಯಾಹ್ನ

ಅಣ್ಣಾ,

ಬದುಕಿದ್ದೇನೆ. ಅದು ನಿನಗಾಗಲೇ ಗೊತ್ತು. ಓಟ ಮುಗಿದ ಕೂಡಲೇ ಫೋನು ಮಾಡಿದಾಗ ನೀನು ಹಲೋ ಎಂದವನೇ ಅತ್ತಿಗೆಯ ಕೈಗೆ ಕೊಟ್ಟುಬಿಟ್ಟೆ. ‘ಅವರು ಬರೀತಾರಂತೆ’ ಎಂದರು ಅತ್ತಿಗೆ. ಅವರ ಸ್ವರವೂ ಸರಿಯಿರಲಿಲ್ಲ. ಅದಕ್ಕೇ ನಡೆದದ್ದನ್ನೆಲ್ಲ ನಾನೇ ಮೊದಲು ಬರೆಯುತ್ತೇನೆ.

ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸಿದೆ. ಸಂಖ್ಯೆ ಚುಚ್ಚಿಕೊಂಡು ಮೇಲೆ ಶಾಲು ಹೊದ್ದು ಹೋದೆ. ಮೈದಾನದಲ್ಲಿ ಮುನ್ನೂರು ಜನ. ಶಾಲು ಬಾಯ್ಲರಕ್ಕನ ಕೈಗೆ ಕೊಡುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಯಿತು. ಎಲ್ಲರೂ ಹೊರಟರು. ಒಂದು ಕ್ಷಣ ನಾನು ಮತ್ತೆ ಆ ಕೋಟು ಹಿಡಿದುಕೊಂಡು ನಿಂತಿದ್ದ ಹಾಗೆಯೇ ನಿಂತೆ. ಹಿಂದಿನಿಂದ ಬಾಯ್ಲರಕ್ಕ, ‘ಮೊಳೆ ಕಿತ್ಕೋ’ ಎಂದು ಕೂಗಿದಳು. ಆಗ ಕಾಲು ಎದ್ದಿತು.

ಒಂದು ಕಿಲೋಮೀಟರ್ ದಾಟಿದ ಮೇಲೆ, ಪೇಪರ್ ಹಂಚುವವನೊಬ್ಬ ಸೈಕಲ್ ನಿಲ್ಲಿಸಿ ನನ್ನ ಎದೆಯನ್ನೇ ನೋಡಿದ. ಮುಖ ನೋಡಿದ. ಮತ್ತೆ ಎದೆ ನೋಡಿದ. ಜೇಬಿನಿಂದ ಫೋನು ತೆಗೆದ.

ಅಣ್ಣಾ, ನನ್ನ ಜೀವ ಬಾಯಿಗೆ ಬಂತು. ಈತನಿಗೆ ಏನೋ ಕಾಣಿಸುತ್ತಿದೆ, ನನ್ನ ತುಟಿ ನೀಲಿಯಾಗಿರಬೇಕು, ಆಂಬುಲೆನ್ಸಿಗೆ ಹೇಳುತ್ತಿದ್ದಾನೆ ಎಂದುಕೊಂಡೆ. ನಾಡಿ ಹಿಡಿಯಲು ಹೋದರೆ ಓಡುತ್ತ ಹಿಡಿಯಲಾಗಲಿಲ್ಲ. ರೈಲು ಗೇಟಿನ ಹತ್ತಿರ ನೀರು ಕೊಡುವ ಇಬ್ಬರು ನನ್ನತ್ತ ಕೈ ತೋರಿಸಿ ಏನೋ ಮಾತಾಡಿಕೊಂಡರು. ಒಬ್ಬಳು, ‘ನೀವು ಹೋಗಿ, ನಾವು ಅಣ್ಣಂಗೆ ತಿಳಿಸ್ತೀವಿ’ ಎಂದಳು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ನೀವು ಹೋಗಿ ಎಂದರೆ ಎಲ್ಲಿಗೆ? ಯಾವ ಅಣ್ಣ? ಇವರಿಗೆ ನನ್ನ ಅಣ್ಣ ಇರುವುದು ಹೇಗೆ ಗೊತ್ತು? ಸಾಯುವವರಿಗೆ ಹೀಗೆಲ್ಲ ಕೇಳಿಸುತ್ತದೆಯಂತೆ ಎಂದು ಎಲ್ಲೋ ಕೇಳಿದ್ದೆ. ನಿಲ್ಲಲು ಹೆದರಿಕೆಯಾಯಿತು. ನಿಂತರೆ ಬೀಳುತ್ತೇನೆ, ಓಡುತ್ತಿರುವಷ್ಟು ಹೊತ್ತು ಇದ್ದೇನೆ ಎಂದು ಓಡಿದೆ.

ಬಸ್ ಸ್ಟಾಪು ಬಂತು. ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಅಪ್ಪ ಬಿದ್ದ ಜಾಗದಲ್ಲಿ ಈಗ ಡಾಂಬರು ಹೊಸದು, ಗುರುತೇನೂ ಇಲ್ಲ. ಆದರೆ ನನ್ನ ಕಾಲಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಏಳೆಂಟು ಹೆಜ್ಜೆ ಓಡಿದೆ. ಕಣ್ಣು ಬಿಟ್ಟಾಗ ಆಚೆ ಇದ್ದೆ. ಹಿಂದೆ ಆ ಹೆಂಗಸು ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದಳು.

ಕೊನೆಯ ಗೆರೆಯ ಹತ್ತಿರ ಪಟ್ಟಿ ಬರೆಯುವವರು ತಲೆಯೆತ್ತಿ, ‘ಅಮ್ಮಾ, ಸಂಖ್ಯೆ ತಿರುಗಿಸಿ ಹಾಕ್ಕೊಂಡಿದ್ದೀರಲ್ಲ. ಹತ್ತಂಕಿ ಫೋನ್ ನಂಬರ್ ಬರ್ಯೋಕೆ ನನ್ನ ಕಾಲಂ ಸಾಲಲ್ಲ’ ಎಂದರು. ಬಗ್ಗಿ ನೋಡಿಕೊಂಡೆ. 214 ನನ್ನ ಎದೆಗೆ ಅಂಟಿಕೊಂಡಿತ್ತು. ಹೊರಗೆ, ಊರಿಗೆಲ್ಲ ಕಾಣುವ ಹಾಗೆ, ‘ತಿಳಿಸಬೇಕಾದವರು: ಅಣ್ಣ’. ಹತ್ತೊಂಬತ್ತು ವರ್ಷದ ಕೈ, ಲಾಂಡ್ರಿಯ ಅಭ್ಯಾಸದಂತೆ ಅಂಕಿಯನ್ನು ಒಳಮುಖ ಮಾಡಿ ಚುಚ್ಚಿಬಿಟ್ಟಿತ್ತು. ಆ ದಪ್ಪ ಅಕ್ಷರವನ್ನಷ್ಟೇ ಓದಿದವರು, ಇವಳಿಗೆ ತನ್ನ ಓಟ ಅಣ್ಣನಿಗೆ ತಿಳಿಯಬೇಕೆಂಬ ಆಸೆ ಎಂದುಕೊಂಡಿದ್ದಾರೆ.

ಬಾಯ್ಲರಕ್ಕ ನಕ್ಕು ನಕ್ಕು ನೆಲಕ್ಕೆ ಕೂತಳು. ನಾನೂ ನಗಲು ಹೊರಟೆ. ಅಷ್ಟರಲ್ಲಿ ನನ್ನ ಹಿಂದಿನ ಕಾಗದ ನೆನಪಾಯಿತು. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ನಾನು ಬಿದ್ದಿದ್ದೇನೆ ಎಂದು ಬರೆದವಳು ನಾನೇ ಅಲ್ಲವೇ.

ಎಷ್ಟು ಬಂದವು ಅಣ್ಣ? ನೀನು ಏನೆಂದುಕೊಂಡೆ? ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ನಾನು ಓಡಿದ ಲೆಕ್ಕವೇ ಎಲ್ಲೂ ಇಲ್ಲ. ಅದು ಹೋಗಲಿ. ನೀನು ಬರೆ.

ಚೋಟಿ


ಮಾರ್ಚ್ 22

ಚೋಟಿ,

ನಾಲ್ಕು ಬಂದವು.

ಮೊದಲನೆಯದು 6.41ಕ್ಕೆ. ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟುಕೊಂಡು ಐದು ಗಂಟೆಯಿಂದ ಕೂತಿದ್ದೆ. ಗುರುತಿಲ್ಲದ ನಂಬರ್. ನಿನ್ನ ಅತ್ತಿಗೆ, ‘ಎತ್ರೀ’ ಎಂದಳು. ನಾನು ಎತ್ತಲಿಲ್ಲ. ಅವಳು ಕೈ ಚಾಚಿದಳು, ನಾನು ಫೋನಿನ ಮೇಲೆ ಅಂಗೈ ಮುಚ್ಚಿ ಹಿಡಿದೆ. ಕೈಯೊಳಗೆ ಅದು ಅದುರಿ ಅದುರಿ ನಿಂತಿತು. ‘ನೀವು ಮನುಷ್ಯರೇನ್ರೀ?’ ಎಂದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನನಗೆ ಹಾಗೆ ಅಂದದ್ದಿಲ್ಲ.

ಫೋನು ತೆಗೆದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. 6.52ಕ್ಕೆ ಮತ್ತೊಂದು, ಬೇರೆ ನಂಬರ್. ಅದನ್ನೂ ಎತ್ತಲಿಲ್ಲ. ನೀನು ಹೋಗಿಬಿಟ್ಟೆ ಎಂದು ನನಗೆ ಖಾತ್ರಿಯಾಗಿತ್ತು. ಎತ್ತದಿದ್ದರೆ ಇನ್ನೂ ಸ್ವಲ್ಪ ಹೊತ್ತು ಇರುತ್ತೀಯ ಅನ್ನಿಸಿತು. ಹೊರಗಿನಿಂದ ಇವಳು ಬಾಗಿಲು ಬಡಿಯುತ್ತಲೇ ಇದ್ದಳು.

ಈಗ ನಿನಗೊಂದು ಹೇಳಬೇಕು. ಮೂವತ್ತಾರು ವರ್ಷದಿಂದ ಹೇಳಿಲ್ಲ.

ಅಂದು ಅಪ್ಪ, ‘ನೀನು ಮುಂದೆ ಓಡು, ಬಸ್ ನಿಲ್ಸು’ ಎಂದರು. ಓಡಿದೆ, ನಿಲ್ಲಿಸಿದೆ, ಮೆಟ್ಟಿಲು ಹತ್ತಿ ಹಿಂದೆ ನೋಡಿದೆ. ಅಪ್ಪ ಬಿದ್ದಿದ್ದರು. ನೀನು ನನ್ನನ್ನೇ ನೋಡುತ್ತಿದ್ದೆ. ನಾನು ಇಳಿಯಲಿಲ್ಲ, ಚೋಟಿ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು, ನಾನು ಕಂಬಿ ಹಿಡಿದುಕೊಂಡು ನಿಂತಿದ್ದೆ. ‘ನಿಲ್ಸಿ’ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ಡಾಕ್ಟರ ನೆನಪು ಬಂದಿರಲಿಲ್ಲ, ಏನೂ ಬಂದಿರಲಿಲ್ಲ. ಹೆದರಿಕೆ, ಅಷ್ಟೇ. ಮುಂದಿನ ಸ್ಟಾಪಿನಲ್ಲಿ ಯಾರೋ ಇಳಿದರು, ಅವರ ಹಿಂದೆ ನಾನೂ ಇಳಿದೆ. ಎದುರಿಗೆ ಡಾಕ್ಟರ ಬೋರ್ಡ್ ಇತ್ತು. ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಿದ್ದೆನೋ. ಅಲ್ಲಿಂದಾಚೆ ಏನಾಯಿತು ಎಂಬುದು ಸರಿಯಾಗಿ ನೆನಪಿಲ್ಲ. ವಾಪಸು ಬಂದಾಗ ಜನ ನನ್ನ ಬೆನ್ನು ತಟ್ಟುತ್ತಿದ್ದರು, ‘ಎಂಥಾ ಜಾಣ, ಡಾಕ್ಟರನ್ನ ಕರ್ಕೊಂಡ್ ಬಂದ’ ಎಂದು. ಅಮ್ಮ ಸಾಯುವವರೆಗೂ ಅದನ್ನೇ ಹೇಳಿದಳು. ಆ ಮಾತು ಕೇಳಲಾರದೆಯೇ ನಾನು ಆ ಊರು ಬಿಟ್ಟದ್ದು, ನಿನ್ನ ಫೋನು ತಪ್ಪಿಸಿದ್ದು. ನಿನ್ನ ಜನವರಿಯ ಕಾಗದದಲ್ಲೂ ಅದೇ ಇತ್ತು.

7.02ಕ್ಕೆ ಮೂರನೆಯದು ಬಂತು. ಈ ಸಲ ಎತ್ತಿದೆ. ಧೈರ್ಯ ಬಂದು ಅಲ್ಲ. ನೀನು ಗುರುತಿಲ್ಲದವರ ನಡುವೆ ಬಿದ್ದಿರುವುದು ಕಣ್ಣಿಗೆ ಕಟ್ಟಿತು, ಕೈ ತಾನಾಗಿ ಒತ್ತಿತು. ಒಬ್ಬ ಹೆಂಗಸಿನ ದನಿ: ‘ನೀವು ಅಣ್ಣನಾ? ಬಸ್ ಸ್ಟಾಪ್ ಹತ್ರ ನಿಮ್ಮ ತಂಗಿ...’ ಅಷ್ಟರಲ್ಲಿ ಲಾರಿಯೋ ಏನೋ ಸದ್ದು. ಬಚ್ಚಲ ಗೋಡೆಗೆ ಒರಗಿದೆ. ‘ಹಲೋ, ಕೇಳಿಸ್ತಾ? ನಿಮ್ಮ ತಂಗಿ ಈಗ ತಾನೇ ದಾಟಿ ಹೋದ್ರು. ಕಣ್ಣು ಮುಚ್ಕೊಂಡು ಓಡ್ತಾರಪ್ಪ, ಸ್ವಲ್ಪ ಬುದ್ಧಿ ಹೇಳಿ.’

ದಾಟಿ ಹೋದರಾ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಆ ತಾಯಿ ಹೌದು ಎಂದಳು. ಆಮೇಲೆ ನಾನು ಅತ್ತದ್ದನ್ನು ಅವಳೂ ಕೇಳಿಸಿಕೊಂಡಳು. ‘ಅಯ್ಯೋ, ಅಳಬೇಡಿ, ಬಸ್ ಬಂತು, ಇಡ್ತೀನಿ’ ಎಂದಳು.

ನಾಲ್ಕನೆಯದು 7.11ಕ್ಕೆ, ಮೈದಾನದಿಂದ, ಯಾರೋ ಗಂಡಸು: ‘ತಂಗಿ ಗೆರೆ ಮುಟ್ಟಿದ್ರು ಸಾರ್.’

ಪಟ್ಟಿಯಲ್ಲಿ ನಿನ್ನ ಲೆಕ್ಕವಿಲ್ಲ ಎಂದೆಯಲ್ಲ, ನನ್ನ ಫೋನಿನಲ್ಲಿದೆ. ಐದು ಕಿಲೋಮೀಟರು, ನಲವತ್ತೊಂದು ನಿಮಿಷ.

ಇನ್ನು ಆ ಸಾಲಿನಲ್ಲಿ ಯಾರ ಹೆಸರು ಬರೆಯಬೇಕೋ ಯೋಚಿಸಿ ಬರೆ. ನೀನು ಉತ್ತರ ಬರೆಯದಿದ್ದರೂ ತಪ್ಪು ತಿಳಿಯುವುದಿಲ್ಲ.

ಅಣ್ಣ


ಏಪ್ರಿಲ್ 5

ಅಣ್ಣಾ,

ಎರಡು ವಾರ ಬರೆಯಲಿಲ್ಲ. ಮೊದಲ ನಾಲ್ಕು ದಿನ ಸಿಟ್ಟು. ಇಸ್ತ್ರಿ ಮೇಜಿನ ಮುಂದೆ ನಿಂತು ಯಾರದೋ ಅಂಗಿಯ ತೋಳು ಸುಟ್ಟೆ. ಅಂದು ನೀನು ಇಳಿದು ಬಂದು ಪಕ್ಕದಲ್ಲಿ ಕೂತಿದ್ದರೂ ಸಾಕಿತ್ತು. ನಾನೊಬ್ಬಳೇ ಇದ್ದೆ. ಅದನ್ನು ನಿನಗೆ ಹೇಳದೆ ಇರಲಾರೆ.

ಆಮೇಲೆ ನೆನಪಾಯಿತು. ಬಸ್ಸು ಹೊರಟಾಗ ಜನ ಸೇರಿದರು. ‘ಆ ಹುಡುಗ ಎಲ್ಲಿ ಹೋದ?’ ಎಂದು ಕೇಳಿದರು. ‘ನಮ್ಮಣ್ಣ ಡಾಕ್ಟರನ್ನ ಕರ್ಕೊಂಡ್ ಬರೋಕೆ ಹೋದ’ ಎಂದವಳು ನಾನು. ಆ ಮಾತು ಹುಟ್ಟಿಸಿದವಳೇ ನಾನು ಅಣ್ಣ. ನಂಬಿ ಹೇಳಿದೆನೋ, ನೀನು ಬಿಟ್ಟು ಹೋದೆ ಎಂಬ ಹೆದರಿಕೆಗೆ ಹೇಳಿದೆನೋ, ಇವತ್ತಿಗೂ ತಿಳಿಯದು.

ಹೋದ ಭಾನುವಾರ ಆ ಬಸ್ ಸ್ಟಾಪಿಗೆ ಹೋದೆ. ಅಲ್ಲಿಂದ ಮುಂದಿನ ಸ್ಟಾಪು ಒಂದೂಕಾಲು ಕಿಲೋಮೀಟರು. ನಡೆದೆ, ಹದಿನೇಳು ನಿಮಿಷ. ವಾಪಸು ಓಡಿದೆ, ಹತ್ತು ನಿಮಿಷ. ಯಾಕೆ ಅಳೆದೆ ಗೊತ್ತೇ? ಅಂದು ನಾನು ಅಪ್ಪನ ಮುಖ ನೋಡಲಾರದೆ ಅಪ್ಪನ ಕೈಗಡಿಯಾರವನ್ನೇ ನೋಡುತ್ತ ಕೂತಿದ್ದೆ. ಬಸ್ಸು ಹೋದದ್ದಕ್ಕೂ ನೀನು ಬಂದದ್ದಕ್ಕೂ ನಡುವೆ ಹದಿನೈದು ನಿಮಿಷ. ಅದರಲ್ಲಿ ಬಸ್ಸಿಗೆ ಮೂರು ಹೋಯಿತು. ಡಾಕ್ಟರು ಚೀಲ ತೆಗೆದುಕೊಂಡು ಸೈಕಲ್ ಹೊರಗೆ ತರುವುದಕ್ಕೆ ನಾಲ್ಕಾದರೂ ಬೇಕು. ಉಳಿದದ್ದು ಎಂಟು. ಡಾಕ್ಟರು ಸೈಕಲ್ ಮೇಲೆ ಬಂದರು, ನೀನು ಅವರ ಪಕ್ಕದಲ್ಲಿ ಬಂದೆ. ನಿನ್ನ ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದು ಕಾಲಿನಲ್ಲಿ ರಕ್ತ ಇತ್ತು. ಅದು ನಿನಗೆ ನೆನಪಿಲ್ಲ, ನನಗಿದೆ.

ಮೂರು ತಿಂಗಳು ಕಂಬ ಎಣಿಸಿ ಓಡಿದವಳು ಹೇಳುತ್ತಿದ್ದೇನೆ: ಒಂದು ಚಪ್ಪಲಿಯಲ್ಲಿ ಒಂದೂಕಾಲು ಕಿಲೋಮೀಟರನ್ನು ಎಂಟು ನಿಮಿಷದಲ್ಲಿ ಓಡಲು ನನ್ನಿಂದಾಗದು. ನಿನ್ನನ್ನು ಕರೆದುಕೊಂಡು ಹೋದದ್ದು ಬಸ್ಸು. ವಾಪಸು ಬಂದದ್ದು ನೀನು, ಅಪ್ಪ ಬಿದ್ದಲ್ಲಿಗೇ, ಅಷ್ಟು ಹೆದರಿಕೊಂಡು.

ನನ್ನ ಭಯ ಹೋಗಿಲ್ಲ. ಇವತ್ತೂ ನಾಡಿ ಎಣಿಸಿದೆ. ನಲವತ್ತೊಂಬತ್ತಾಗಲು ಇನ್ನೂ ಆರು ತಿಂಗಳಿದೆ. ಮುಂದಿನ ಓಟ ಜುಲೈನಲ್ಲಿ. ಅರ್ಜಿ ತುಂಬಿದ್ದೇನೆ, ಆ ಸಾಲಿನಲ್ಲಿ ಏನೂ ಬದಲಾಯಿಸಿಲ್ಲ.

ಒಂದು ವಿಷಯ ಮಾತ್ರ ಬರೆದು ತಿಳಿಸಬೇಡ, ಫೋನು ಮಾಡಿ ಹೇಳು. ಆ ಚಪ್ಪಲಿ ಹೊಸದಾಗಿತ್ತು, ಕಳೆದುಹಾಕಿದೆ ಎಂದು ಅಮ್ಮ ಎಷ್ಟು ದಿನ ಬೈದಳು. ಎಲ್ಲಿ ಬಿಟ್ಟೆ ಅದನ್ನು?

ನಿನ್ನ ಚೋಟಿ